ನಾಲ್ಕು ಮೇಣದಬತ್ತಿಗಳ ಲೆಕ್ಕ: ಡ್ರೆಸ್ಡೆನ್‌ನಲ್ಲಿ ಕ್ರಿಸ್‌ಮಸ್‌ಗೆ ಕಾಯುವ ಬಗೆ

ಇಲ್ಲಿಗೆ ಬಂದ ಮೊದಲ ವರ್ಷ, ಡಿಸೆಂಬರ್ ಶುರುವಿನಲ್ಲಿ, ಕೆಳಗಿನ ಮನೆಯ ಅಜ್ಜಿಗೆ ‘ಫ್ರೋಹೆ ವೈನಾಖ್ಟೆನ್’ ಅಂದೆ. ಕ್ರಿಸ್‌ಮಸ್ ಶುಭಾಶಯ ಅಂತ ಅರ್ಥ. ನಾವು ಮನೆಯಲ್ಲಿ ಇಲ್ಲದಾಗ ಬಂದ ಪಾರ್ಸೆಲ್ ಒಂದನ್ನು ಅವರು ತೆಗೆದಿಟ್ಟಿದ್ದರು. ಅದನ್ನು ತರಲು ಹೋಗಿದ್ದೆ. ಊರೆಲ್ಲ ದೀಪ, ಕಿಟಕಿಗೊಂದು ನಕ್ಷತ್ರ, ಮೆಟ್ಟಿಲ ತುಂಬ ದಾಲ್ಚಿನ್ನಿ ವಾಸನೆ. ಹೇಳಬೇಕಾದ ಮಾತು ಅದೇ ಅಂದುಕೊಂಡಿದ್ದೆ. ಅಜ್ಜಿ ನಕ್ಕರು. ಪಾರ್ಸೆಲ್ ಕೈಗೆ ಕೊಡುತ್ತಾ, ‘ಇನ್ನೂ ಇಲ್ಲ, ಈಗ ಅಡ್ವೆಂಟ್’ ಅಂದರು.

ಆ ‘ಇನ್ನೂ ಇಲ್ಲ’ ಅರ್ಥವಾಗಲು ನನಗೆ ಎರಡು ಚಳಿಗಾಲ ಬೇಕಾಯಿತು. ಜರ್ಮನಿಯಲ್ಲಿ ಕ್ರಿಸ್‌ಮಸ್ ಮತ್ತು ಕ್ರಿಸ್‌ಮಸ್ ತಯಾರಿ ಎರಡೂ ಬೇರೆ ಬೇರೆ ಕಾಲಗಳು. ತಯಾರಿಗೆ ತನ್ನದೇ ಹೆಸರಿದೆ, ತನ್ನದೇ ತಿಂಡಿ ಇದೆ, ತನ್ನದೇ ಶುಭಾಶಯ ಇದೆ. ಡಿಸೆಂಬರ್ ಮೊದಲ ವಾರಗಳಲ್ಲಿ ಇಲ್ಲಿನವರು ಒಬ್ಬರಿಗೊಬ್ಬರು ಹೇಳುವುದು ‘ಶ್ಯೋನೆನ್ ಅಡ್ವೆಂಟ್’, ಅಂದರೆ ಅಡ್ವೆಂಟ್ ಚೆನ್ನಾಗಿರಲಿ ಅಂತ. ಹುಟ್ಟುಹಬ್ಬಕ್ಕೂ ಮುಂಚಿತವಾಗಿ ಶುಭಾಶಯ ಹೇಳಿದರೆ ಇಲ್ಲಿ ಅಪಶಕುನ. ದಿನ ಬರಬೇಕು, ಆಮೇಲೆ ಮಾತು.

ಪರದೇಶದಿಂದ ಬಂದವರಿಗೆ ಈ ವ್ಯತ್ಯಾಸ ತುಂಬಾ ಮುಖ್ಯ. ಯಾಕೆಂದರೆ ಹಬ್ಬದ ದಿನ ಇಲ್ಲಿ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತದೆ. ತಯಾರಿ ಮಾತ್ರ ಬೀದಿಯಲ್ಲಿ, ಆಫೀಸಿನಲ್ಲಿ, ಪಕ್ಕದ ಮನೆಯ ಅಡುಗೆಮನೆಯಲ್ಲಿ ನಡೆಯುತ್ತದೆ. ನಮ್ಮಂಥವರ ಪಾಲಿಗೆ ಬರುವುದು ಅದು. ಅದನ್ನು ತಪ್ಪಿಸಿಕೊಂಡು 25ನೇ ತಾರೀಕಿಗೆ ಕಾದು ಕೂತರೆ ಖಾಲಿ ರಸ್ತೆ ಸಿಗುತ್ತದೆ, ಅಷ್ಟೆ.

ಅಡ್ವೆಂಟ್ ಅಂದರೆ ಯಾವಾಗ?

‘ಬರುವಿಕೆ’ ಅನ್ನುವ ಅರ್ಥದ ಲ್ಯಾಟಿನ್ ಪದದಿಂದ ಬಂದ ಹೆಸರು ಅದು. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳನ್ನು ಹಿಂದಕ್ಕೆ ಎಣಿಸಬೇಕು. ಮೊದಲನೆಯದು ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗೆ ಎಲ್ಲಾದರೂ ಬೀಳುತ್ತದೆ. ಹಾಗಾಗಿ ಕಾಯುವ ದಿನಗಳು ಕೆಲವು ವರ್ಷ 28, ಕೆಲವು ವರ್ಷ ಬರೀ 22. 2023ರಲ್ಲಿ ನಾಲ್ಕನೇ ಭಾನುವಾರ ಡಿಸೆಂಬರ್ 24ಕ್ಕೇ ಬಂದಿತ್ತು. ಬೆಳಿಗ್ಗೆ ಅಡ್ವೆಂಟ್, ಸಂಜೆ ಕ್ರಿಸ್‌ಮಸ್.

ಧನುರ್ಮಾಸ ಗೊತ್ತಿದ್ದವರಿಗೆ ಅಡ್ವೆಂಟ್ ಬೇಗ ಅರ್ಥವಾಗುತ್ತದೆ. ಇಡೀ ತಿಂಗಳಿಗೆ ಒಂದು ಬಣ್ಣ ಇರುತ್ತದಲ್ವಾ, ಹಾಗೆ. ಹಿಂದೆ ಅಡ್ವೆಂಟ್ ಕೂಡ ಉಪವಾಸದ ಕಾಲವೇ ಆಗಿತ್ತು. ಮಾಂಸ ಇಲ್ಲ, ಬೆಣ್ಣೆ ಇಲ್ಲ, ಮದುವೆ ಇಲ್ಲ. ಈಗ ಉಪವಾಸ ಹೋಗಿದೆ. ಆದರೆ ಈ ಊರಿನ ಸಂತೆಯಿಂದ ಹಿಡಿದು ಕೇಕಿನವರೆಗೆ ಅದರ ಗುರುತು ಉಳಿದಿದೆ.

ಒಂದು ಮಾತು ಇಲ್ಲಿ ಹೇಳಬೇಕು. ಮೊದಲ ಅಡ್ವೆಂಟಿನ ಹಿಂದಿನ ಭಾನುವಾರ ‘ಟೋಟೆನ್‌ಝೊನ್‌ಟಾಗ್’, ತೀರಿಕೊಂಡವರನ್ನು ನೆನೆಯುವ ದಿನ. 1816ರಲ್ಲಿ ಪ್ರಷ್ಯಾದ ದೊರೆ ಮೂರನೇ ಫ್ರೀಡ್ರಿಶ್ ವಿಲ್‌ಹೆಲ್ಮ್ ಶುರುಮಾಡಿದ್ದು. ಅಂದು ಜನ ಸಮಾಧಿಗಳ ಹತ್ತಿರ ಹೋಗಿ ದೀಪ ಇಟ್ಟು ಬರುತ್ತಾರೆ. ಸೂಪರ್‌ಮಾರ್ಕೆಟ್‌ಗಳು ಸೆಪ್ಟೆಂಬರಿನಲ್ಲೇ ಕ್ರಿಸ್‌ಮಸ್ ಬಿಸ್ಕತ್ತು ಮಾರಾಟಕ್ಕೆ ಇಟ್ಟಿರುತ್ತವೆ, ನಿಜ. ಆದರೆ ಟೋಟೆನ್‌ಝೊನ್‌ಟಾಗ್ ಕಳೆಯದೆ ಮನೆಯ ಕಿಟಕಿಗೆ ದೀಪ ಹಚ್ಚುವುದು ಸರಿಯಲ್ಲ ಅಂತ ಹಳಬರು ಇನ್ನೂ ಪಾಲಿಸುತ್ತಾರೆ. ಮೊದಲು ಹೋದವರ ನೆನಪು, ಆಮೇಲೆ ಬರುವವನ ದಾರಿ ಕಾಯುವುದು. ಈ ಕ್ರಮ ನನಗೆ ಬಹಳ ಹಿಡಿಸಿತು.

ಕತ್ತಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಡಿಸೆಂಬರಿನಲ್ಲಿ ಡ್ರೆಸ್ಡೆನ್‌ನಲ್ಲಿ ಸೂರ್ಯ ಹುಟ್ಟುವಾಗ ಬೆಳಿಗ್ಗೆ ಎಂಟಾಗುತ್ತದೆ. ಸಂಜೆ ನಾಲ್ಕಕ್ಕೆ ಮುಳುಗಿರುತ್ತಾನೆ. ಎಷ್ಟೋ ದಿನ ನಡುವಿನ ಹೊತ್ತಿನಲ್ಲೂ ಮೋಡ. ಮಗಳನ್ನು ಕತ್ತಲಲ್ಲಿ ಶಾಲೆಗೆ ಬಿಟ್ಟು ಕತ್ತಲಲ್ಲಿ ಕರೆದುಕೊಂಡು ಬರುತ್ತಿದ್ದೆವು. ಮೊದಲ ವರ್ಷ ಈ ದೀಪಗಳೆಲ್ಲ ಸುಮ್ನೆ ಅಲಂಕಾರ ಅಂದುಕೊಂಡಿದ್ದೆ. ನವೆಂಬರ್ ಪೂರ್ತಿ ಕಳೆದ ಮೇಲೆ, ಇವಿಲ್ಲದೆ ಇಲ್ಲಿ ಬದುಕುವುದು ಕಷ್ಟ ಅಂತ ಗೊತ್ತಾಯಿತು.

ಎಣಿಸಲು ಕಲಿಸಿದ ಗಾಡಿಯ ಗಾಲಿ

ಕಾಯುವುದು ದೊಡ್ಡವರಿಗೇ ಕಷ್ಟ. ಮಕ್ಕಳಿಗೆ? ಹ್ಯಾಂಬರ್ಗ್‌ನಲ್ಲಿ ಯೋಹಾನ್ ಹಿನ್‌ರಿಶ್ ವಿಶೆರ್ನ್ ಅನ್ನುವ ಪಾದ್ರಿ ಬಡ ಮಕ್ಕಳಿಗಾಗಿ ‘ರೌಹೆಸ್ ಹೌಸ್’ ಅನ್ನುವ ಆಶ್ರಯಮನೆ ನಡೆಸುತ್ತಿದ್ದರು. ಕ್ರಿಸ್‌ಮಸ್ ಯಾವಾಗ, ಇನ್ನೆಷ್ಟು ದಿನ ಅಂತ ಮಕ್ಕಳು ದಿನಾ ಕೇಳುತ್ತಿದ್ದರಂತೆ. 1839ರಲ್ಲಿ ಅವರು ಒಂದು ಹಳೆಯ ಗಾಡಿಯ ಗಾಲಿ ತಂದು, ಅದರ ಮೇಲೆ ಭಾನುವಾರಗಳಿಗೆ ನಾಲ್ಕು ದೊಡ್ಡ ಬಿಳಿ ಮೇಣದಬತ್ತಿ, ಉಳಿದ ದಿನಗಳಿಗೆ ಸಣ್ಣ ಕೆಂಪು ಮೇಣದಬತ್ತಿ ನಿಲ್ಲಿಸಿದರು. ದಿನಕ್ಕೊಂದು ಹಚ್ಚುತ್ತಾ ಹೋದರು. ಮಕ್ಕಳಿಗೆ ಉತ್ತರ ಕಣ್ಣಿಗೇ ಕಾಣುತ್ತಿತ್ತು. ಉರಿಯದೆ ಉಳಿದಿರುವುದನ್ನು ಎಣಿಸಿದರೆ ಆಯಿತು.

ಇವತ್ತು ಮನೆಮನೆಯ ಮೇಜಿನ ಮೇಲೆ ಇರುವ ಅಡ್ವೆಂಟ್ ಮಾಲೆ ಅದರದೇ ಸಣ್ಣ ರೂಪ. ಫರ್ ಮರದ ಹಸಿರು ಕೊಂಬೆಯ ಬಳೆ, ಅದರ ಮೇಲೆ ನಾಲ್ಕು ಮೇಣದಬತ್ತಿ. ಮೊದಲ ಭಾನುವಾರ ಒಂದು, ಎರಡನೆಯ ಭಾನುವಾರ ಎರಡು. ನಾಲ್ಕನೆಯ ವಾರ ಬರುವಷ್ಟರಲ್ಲಿ ನಾಲ್ಕರ ಎತ್ತರವೂ ಬೇರೆ ಬೇರೆ. ಮೊದಲನೆಯದು ಮೋಟು, ಕೊನೆಯದು ಹೊಸದು. ಕಳೆದ ತಿಂಗಳು ಮೇಜಿನ ಮೇಲೆ ಮೆಟ್ಟಿಲಾಗಿ ನಿಂತಿರುತ್ತದೆ.

ಅಡ್ವೆಂಟ್ ಕ್ಯಾಲೆಂಡರ್ ಕೂಡ ಇದೇ ಜಾತಿಯದು. ಮೊದಲು ಬಾಗಿಲ ಮೇಲೆ ಸೀಮೆಸುಣ್ಣದ ಗೆರೆ ಎಳೆದು ದಿನಕ್ಕೊಂದು ಅಳಿಸುತ್ತಿದ್ದರು. ಮ್ಯೂನಿಕ್‌ನ ಗೆರ್‌ಹಾರ್ಡ್ ಲಾಂಗ್ ಅನ್ನುವವರ ತಾಯಿ, ಮಗ ಚಿಕ್ಕವನಿದ್ದಾಗ ರಟ್ಟಿನ ಮೇಲೆ 24 ಬಿಸ್ಕತ್ತು ಕೂರಿಸಿ ಕೊಡುತ್ತಿದ್ದರು. ದೊಡ್ಡವನಾದ ಮಗ 20ನೇ ಶತಮಾನದ ಶುರುವಿನಲ್ಲಿ ಅದನ್ನೇ ಮುದ್ರಣಕ್ಕೆ ತಂದರು. ಮುದ್ರಿಸುವವರಿಗೆ ವರ್ಷ ವರ್ಷ ಬದಲಾಗುವ ಲೆಕ್ಕ ಬೇಡ. ಅದಕ್ಕೇ ಕ್ಯಾಲೆಂಡರ್ ಯಾವಾಗಲೂ ಡಿಸೆಂಬರ್ 1ಕ್ಕೆ ಶುರು. ಚರ್ಚಿನ ಅಡ್ವೆಂಟ್ ಬೇರೆ ದಿನ ಶುರುವಾದರೂ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಚೆರ್ರಿ ಕೊಂಬೆ. ಡಿಸೆಂಬರ್ 4 ಸಂತ ಬಾರ್ಬರಾಳ ದಿನ. ಅಂದು ಎಲೆಯುದುರಿದ ಚೆರ್ರಿ ಮರದ ಕೊಂಬೆ ಕಡಿದು ತಂದು, ಬೆಚ್ಚಗಿನ ಕೋಣೆಯಲ್ಲಿ ನೀರಿಗೆ ಹಾಕಿಡುತ್ತಾರೆ. ಸರಿಯಾಗಿ ನೋಡಿಕೊಂಡರೆ ಕ್ರಿಸ್‌ಮಸ್ ಹೊತ್ತಿಗೆ ಹೂ ಬಿಡುತ್ತದೆ. ಬಾರ್ಬರಾಳನ್ನು ಸೆರೆಗೆ ಒಯ್ಯುವಾಗ ಒಂದು ಕೊಂಬೆ ಅವಳ ಬಟ್ಟೆಗೆ ಸಿಕ್ಕಿಕೊಂಡಿತಂತೆ. ತನ್ನ ಕುಡಿಯುವ ನೀರನ್ನೇ ಅದಕ್ಕೆ ಹಾಕಿದಳಂತೆ. ಅವಳು ಸತ್ತ ದಿನ ಅದು ಅರಳಿತಂತೆ. ಗಿಡಕ್ಕೂ ಇಲ್ಲಿ ಒಂದು ಕಾರಣವಿದೆ. ಚೆರ್ರಿ ಮೊಗ್ಗು ಸ್ವಲ್ಪ ಕಾಲ ಚಳಿ ತಿಂದ ಮೇಲೆಯೇ ಅರಳಲು ಸಿದ್ಧವಾಗುವುದು. ಡಿಸೆಂಬರ್ 4ರ ಹೊತ್ತಿಗೆ ಆ ಚಳಿ ಸಿಕ್ಕಿರುತ್ತದೆ. ಚಳಿ ಸಾಲದಿದ್ದರೆ ಕೊಂಬೆಯನ್ನು ಒಂದು ರಾತ್ರಿ ಫ್ರೀಜರ್‌ನಲ್ಲಿ ಇಟ್ಟು ತೆಗೆ ಅಂತ ಅಜ್ಜಿ ನನಗೆ ಹೇಳಿಕೊಟ್ಟರು.

ಬೆಣ್ಣೆಗೆ ಅಪ್ಪಣೆ ಕೊಟ್ಟ ಪತ್ರ

ಡ್ರೆಸ್ಡೆನ್‌ನಲ್ಲಿ ಇದ್ದು ಶ್ಟೊಲೆನ್ ಅನ್ನುವ ಕ್ರಿಸ್‌ಮಸ್ ಕೇಕಿನ ಬಗ್ಗೆ ಹೇಳದೆ ಇರಲು ಆಗುವುದಿಲ್ಲ. ಈಸ್ಟ್ ಹಾಕಿದ ಹಿಟ್ಟು, ಒಣದ್ರಾಕ್ಷಿ, ಬಾದಾಮಿ, ಸಕ್ಕರೆ ಪಾಕದಲ್ಲಿ ಬೆಂದ ಕಿತ್ತಳೆ ಮತ್ತು ನಿಂಬೆ ಜಾತಿಯ ಸಿಪ್ಪೆ, ತುಂಬಾ ಬೆಣ್ಣೆ. ಬೆಂದ ಮೇಲೆ ಮತ್ತೆ ಬೆಣ್ಣೆ ಸವರಿ ಸಕ್ಕರೆ ಪುಡಿ ಉದುರಿಸುತ್ತಾರೆ. ಉದ್ದಕ್ಕೆ, ಬೆಳ್ಳಗೆ, ನಡುವೆ ಸ್ವಲ್ಪ ಉಬ್ಬಿಕೊಂಡು, ಬಟ್ಟೆಯಲ್ಲಿ ಸುತ್ತಿದ ಎಳೆಗೂಸಿನ ಹಾಗೆ ಕಾಣುತ್ತದೆ. ಅದು ಬಾಲಯೇಸುವಿನ ರೂಪ ಅಂತ ಇಲ್ಲಿನವರ ನಂಬಿಕೆ. ಮನೆಯಲ್ಲಿ ಶ್ಟೊಲೆನ್ ಮುರಿದರೆ ಬರುವ ವರ್ಷ ಒಳ್ಳೆಯದಾಗುವುದಿಲ್ಲ ಅಂತ ಹೆದರುತ್ತಿದ್ದರು. ಅಜ್ಜಿ ಈಗಲೂ ಎರಡೂ ಕೈಯಲ್ಲಿ ಎತ್ತುತ್ತಾರೆ.

ಮೊದಲು ಇದು ಇಷ್ಟು ರುಚಿಯಾಗಿರಲಿಲ್ಲ. ಅಡ್ವೆಂಟ್ ಉಪವಾಸದಲ್ಲಿ ಹಾಲು, ಬೆಣ್ಣೆ ನಿಷಿದ್ಧ. ಹಿಟ್ಟು, ನೀರು, ಎಣ್ಣೆಯಲ್ಲೇ ಮಾಡಬೇಕಿತ್ತು. ಈ ಕಡೆ ಆಲಿವ್ ಬೆಳೆಯುವುದಿಲ್ಲ. ಸಿಗುತ್ತಿದ್ದ ಎಣ್ಣೆಗೆ ಕೆಟ್ಟ ವಾಸನೆ. ಡ್ರೆಸ್ಡೆನ್ ಇರುವ ಸ್ಯಾಕ್ಸನಿ ಪ್ರಾಂತ್ಯದ ದೊರೆಗಳು ಬೆಣ್ಣೆ ಬಳಸಲು ಅಪ್ಪಣೆ ಕೊಡಿ ಅಂತ ರೋಮ್‌ಗೆ ಬರೆದುಕೊಂಡರು. 1491ರಲ್ಲಿ ಪೋಪ್ ಎಂಟನೇ ಇನ್ನೊಸೆಂಟ್ ಒಪ್ಪಿಗೆ ಕೊಟ್ಟರು. ಸುಮ್ಮನೆ ಕೊಡಲಿಲ್ಲ. ಬೆಣ್ಣೆ ತಿನ್ನುವವರು ಹಣ ಕಟ್ಟಬೇಕಿತ್ತು, ಆ ಹಣ ಹತ್ತಿರದ ಫ್ರೈಬೆರ್ಗ್‌ನ ದೊಡ್ಡ ಚರ್ಚಿನ ಕೆಲಸಕ್ಕೆ ಹೋಯಿತು. ಆ ಕಾಗದಕ್ಕೆ ಇತಿಹಾಸದಲ್ಲಿ ‘ಬೆಣ್ಣೆ ಪತ್ರ’ ಅಂತಲೇ ಹೆಸರು. ಈಗ ಡ್ರೆಸ್ಡೆನ್ ಶ್ಟೊಲೆನ್ ಅನ್ನುವ ಹೆಸರಿಗೆ ಯುರೋಪಿಯನ್ ಒಕ್ಕೂಟದ ರಕ್ಷಣೆ ಇದೆ. ಆ ಹೆಸರು ಹಾಕಬೇಕಾದರೆ 100 ಕೆಜಿ ಹಿಟ್ಟಿಗೆ ಕನಿಷ್ಠ 50 ಕೆಜಿ ಬೆಣ್ಣೆ, 65 ಕೆಜಿ ಒಣದ್ರಾಕ್ಷಿ ಇರಲೇಬೇಕು. ಒಂದು ಕಾಲಕ್ಕೆ ಬೆಣ್ಣೆ ಹಾಕಿದರೆ ಪಾಪ. ಈಗ ಕಮ್ಮಿ ಹಾಕಿದರೆ ಹೆಸರೇ ಹೋಗುತ್ತದೆ.

ಇದಕ್ಕೂ ಕಾಯಬೇಕು. ಬೇಯಿಸಿದ ಕೂಡಲೇ ತಿಂದರೆ ಬೆಣ್ಣೆ, ಹಣ್ಣು, ಮಸಾಲೆ ಒಂದೊಂದೂ ಬೇರೆ ಬೇರೆ ರುಚಿಸುತ್ತವೆ. ತಂಪಾದ ಜಾಗದಲ್ಲಿ ಎರಡು ಮೂರು ವಾರ ಮುಚ್ಚಿಟ್ಟರೆ ಹಣ್ಣಿನ ರಸ ಹಿಟ್ಟಿಗೆ ಇಳಿದು ಎಲ್ಲ ಸೇರಿಕೊಳ್ಳುತ್ತದೆ. ಅದಕ್ಕೇ ನವೆಂಬರಿನಲ್ಲೇ ಬೇಯಿಸಿ ಇಡುತ್ತಾರೆ. ಹಿಂದೆ ಮನೆಯವರೇ ಬೆಣ್ಣೆ, ದ್ರಾಕ್ಷಿ, ಬಾದಾಮಿ ಹೊತ್ತುಕೊಂಡು ಬೇಕರಿಗೆ ಹೋಗಿ ಮಾಡಿಸುತ್ತಿದ್ದರು. ಯಾರದು ಯಾವುದು ಅಂತ ಗೊತ್ತಾಗಲು ಹೆಸರಿನ ಸಣ್ಣ ತಗಡು ಸಿಕ್ಕಿಸುತ್ತಿದ್ದರು. ಅಜ್ಜಿಯ ತಾಯಿಯ ತಗಡು ಇನ್ನೂ ಅವರ ಅಡುಗೆಮನೆಯ ಗೋಡೆಯಲ್ಲಿದೆ.

ಅವರು ಹೇಳಿದ ಇನ್ನೊಂದು ಸಂಗತಿ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಡ್ರೆಸ್ಡೆನ್ 1990ರವರೆಗೆ ಪೂರ್ವ ಜರ್ಮನಿಯಲ್ಲಿತ್ತು. ಒಣದ್ರಾಕ್ಷಿ, ಬಾದಾಮಿ, ಕಿತ್ತಳೆ ಸಿಪ್ಪೆ ಸಿಗುವುದು ಕಷ್ಟ. ಸಿಪ್ಪೆಯ ಬದಲು ಹಸಿರು ಟೊಮೆಟೊ, ಕ್ಯಾರೆಟ್ಟನ್ನು ಪಾಕಕ್ಕೆ ಹಾಕಿ ತಯಾರಿಸಿ ಮಾರುತ್ತಿದ್ದರು. ಪಶ್ಚಿಮ ಜರ್ಮನಿಯಲ್ಲಿದ್ದ ನೆಂಟರು ಶರತ್ಕಾಲದಲ್ಲೇ ದ್ರಾಕ್ಷಿ, ಬಾದಾಮಿ ಪಾರ್ಸೆಲ್ ಕಳಿಸುತ್ತಿದ್ದರು. ಇಲ್ಲಿನವರು ಅದರಲ್ಲೇ ಶ್ಟೊಲೆನ್ ಮಾಡಿ, ಹಬ್ಬಕ್ಕೆ ಮುಂಚೆ ಅವರಿಗೇ ವಾಪಸ್ ಕಳಿಸುತ್ತಿದ್ದರು. ನಡುವೆ ಗಡಿ, ಬೇಲಿ, ಕಾವಲು. ಜನ ಹೋಗುವ ಹಾಗಿರಲಿಲ್ಲ, ಶ್ಟೊಲೆನ್ ಹೋಗುತ್ತಿತ್ತು. ನಮ್ಮ ಪಾರ್ಸೆಲ್ಲನ್ನು ಅಜ್ಜಿ ಅಷ್ಟು ಜೋಪಾನವಾಗಿ ಯಾಕೆ ಇಟ್ಟಿದ್ದರು ಅಂತ ಆ ದಿನ ಅರ್ಥವಾಯಿತು.

ಊರಿನ ಸಂತೆಗೂ ಈ ಕೇಕಿನದೇ ಹೆಸರು. ಶ್ಟೊಲೆನ್‌ಗೆ ಇದ್ದ ಹಳೆಯ ಹೆಸರು ‘ಶ್ಟ್ರೀಟ್ಸೆಲ್’. ಹಾಗಾಗಿ ಇಲ್ಲಿನ ಕ್ರಿಸ್‌ಮಸ್ ಸಂತೆ ‘ಶ್ಟ್ರೀಟ್ಸೆಲ್‌ಮಾರ್ಕ್ಟ್’. 1434ರಲ್ಲಿ ದೊರೆ ಎರಡನೇ ಫ್ರೀಡ್ರಿಶ್ ಕ್ರಿಸ್‌ಮಸ್‌ಗೆ ಮುಂಚಿನ ಸೋಮವಾರ ಒಂದು ದಿನದ ಮಾಂಸದ ಸಂತೆಗೆ ಅಪ್ಪಣೆ ಕೊಟ್ಟಿದ್ದ. ಉಪವಾಸ ಮುಗಿಯುತ್ತಿದ್ದಂತೆ ಹಬ್ಬದೂಟಕ್ಕೆ ಮಾಂಸ ಬೇಕಲ್ಲ. ಆ ಒಂದು ದಿನದ ಸಂತೆ ಇವತ್ತು ಆಲ್ಟ್‌ಮಾರ್ಕ್ಟ್ ಚೌಕದಲ್ಲಿ ಸುಮಾರು ನಾಲ್ಕು ವಾರ ನಡೆಯುತ್ತದೆ. ಎರಡನೇ ಅಡ್ವೆಂಟಿನ ಹಿಂದಿನ ಶನಿವಾರ ಟನ್‌ಗಟ್ಟಲೆ ತೂಗುವ ದೊಡ್ಡ ಶ್ಟೊಲೆನ್ ಮೆರವಣಿಗೆಯಲ್ಲಿ ಬರುತ್ತದೆ. 1730ರಲ್ಲಿ ದೊರೆ ‘ಬಲಶಾಲಿ ಆಗುಸ್ಟ್’ ತನ್ನ ಸೈನ್ಯದ ದೊಡ್ಡ ಶಿಬಿರಕ್ಕೆ 1.8 ಟನ್ ತೂಕದ ಶ್ಟೊಲೆನ್ ಮಾಡಿಸಿದ್ದ. ಅದರ ನೆನಪಿಗೆ ಈ ಮೆರವಣಿಗೆ.

ಸಂತೆಯಲ್ಲಿ ಹೊಸಬರಿಗೆ ಗೊತ್ತಿರಬೇಕಾದ್ದು ಸ್ವಲ್ಪವೇ. ಮಸಾಲೆ ಹಾಕಿ ಬಿಸಿ ಮಾಡಿದ ವೈನ್ ‘ಗ್ಲೂವೈನ್’. ಮದ್ಯ ಬೇಡದವರು ‘ಕಿಂಡರ್‌ಪುನ್ಶ್’ ಕೇಳಬೇಕು, ಅದು ಬಿಸಿ ಹಣ್ಣಿನ ರಸ. ಎರಡಕ್ಕೂ ಗಟ್ಟಿ ಮಗ್ ಕೊಡುತ್ತಾರೆ, ಅದಕ್ಕೆ ಕೆಲವು ಯೂರೋ ಠೇವಣಿ ಹಿಡಿಯುತ್ತಾರೆ. ಮಗ್ ವಾಪಸ್ ಕೊಟ್ಟರೆ ದುಡ್ಡು ವಾಪಸ್. ಮನೆಗೆ ಒಯ್ದರೂ ತಪ್ಪೇನಿಲ್ಲ, ಎಷ್ಟೋ ಜನ ವರ್ಷಕ್ಕೊಂದು ಮಗ್ ಕೂಡಿಡುತ್ತಾರೆ. ಸಸ್ಯಾಹಾರಿಗಳಿಗೆ ಆಲೂಗಡ್ಡೆ ದೋಸೆಯಂಥ ‘ಕಾರ್ಟೊಫೆಲ್‌ಪುಫರ್’ ಸಿಗುತ್ತದೆ, ಸೇಬಿನ ಗೊಜ್ಜಿನ ಜೊತೆ. ಕಡಾಯಿಯಲ್ಲಿ ಸಕ್ಕರೆ ಜೊತೆ ಹುರಿದ ಬಾದಾಮಿಯ ವಾಸನೆ ನಿಮ್ಮನ್ನು ತಾನೇ ಕರೆಯುತ್ತದೆ.

ಗಣಿಯವರ ಕಿಟಕಿ, ದೂರದ ಮಕ್ಕಳ ನಕ್ಷತ್ರ

ಡಿಸೆಂಬರಿನಲ್ಲಿ ಈ ಊರಿನ ಯಾವ ಬೀದಿಯಲ್ಲಿ ನಡೆದರೂ ಕಿಟಕಿಗಳಲ್ಲಿ ಅರ್ಧಚಂದ್ರದ ಆಕಾರದ ದೀಪ ಕಾಣುತ್ತದೆ. ಕಮಾನಿನ ಮೇಲೆ ಸಾಲಾಗಿ ದೀಪಗಳು, ಒಳಗೆ ಮರದಲ್ಲಿ ಕೊರೆದ ಪುಟ್ಟ ಲೋಕ. ಇದಕ್ಕೆ ‘ಶ್ವಿಬ್‌ಬೋಗೆನ್’ ಅನ್ನುತ್ತಾರೆ. ಇದು ಬಂದಿದ್ದು ಇಲ್ಲಿಂದ ದಕ್ಷಿಣಕ್ಕಿರುವ ಎರ್ಟ್ಸ್‌ಗೆಬಿರ್ಗೆ ಬೆಟ್ಟಗಳಿಂದ. ಹೆಸರೇ ‘ಅದಿರಿನ ಬೆಟ್ಟ’. 12ನೇ ಶತಮಾನದಿಂದ ಅಲ್ಲಿ ಬೆಳ್ಳಿ, ಆಮೇಲೆ ತವರ ತೆಗೆದರು. 2019ರಲ್ಲಿ ಯುನೆಸ್ಕೋ ಆ ಗಣಿ ಪ್ರದೇಶವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಚಳಿಗಾಲದಲ್ಲಿ ಗಣಿ ಕೆಲಸಗಾರ ಕತ್ತಲಲ್ಲಿ ಒಳಗೆ ಇಳಿದು ಕತ್ತಲಲ್ಲಿ ಮೇಲೆ ಬರುತ್ತಿದ್ದ. ವಾರಗಟ್ಟಲೆ ಸೂರ್ಯನ ಮುಖ ನೋಡುತ್ತಿರಲಿಲ್ಲ. ಅವನು ಮನೆಗೆ ನಡೆದು ಬರುವ ದಾರಿಗೆ ಕಾಣಲಿ ಅಂತ ಹೆಂಗಸರು, ಮಕ್ಕಳು ಕಿಟಕಿಯಲ್ಲಿ ದೀಪ ಇಡುತ್ತಿದ್ದರು. ಮನೆಯಲ್ಲಿ ಗಂಡು ಮಗು ಇದ್ದರೆ ದೀಪ ಹಿಡಿದ ಗಣಿಯವನ ಗೊಂಬೆ, ಹೆಣ್ಣು ಮಗು ಇದ್ದರೆ ದೀಪ ಹಿಡಿದ ದೇವತೆಯ ಗೊಂಬೆ. ಹೊರಗಿನಿಂದ ನೋಡಿದರೆ ಸಾಕು, ಆ ಮನೆಯಲ್ಲಿ ಎಷ್ಟು ಮಕ್ಕಳು ಅಂತ ತಿಳಿಯುತ್ತಿತ್ತು. ನಮ್ಮ ಕಿಟಕಿಯಲ್ಲೂ ಈಗ ಒಂದು ದೇವತೆ ನಿಂತಿದೆ, ಮಗಳ ಲೆಕ್ಕಕ್ಕೆ.

ಅದಿರು ಮುಗಿಯುತ್ತಾ ಬಂದಾಗ ಆ ಜನ ಮರದ ಕೆಲಸಕ್ಕೆ ಇಳಿದರು. ಗಣಿಯಲ್ಲಿ ಪಳಗಿದ ಕೈ ಗೊಂಬೆ ಮಾಡಿತು. ಬಾಯಿಂದ ಸಾಂಬ್ರಾಣಿ ಹೊಗೆ ಬಿಡುವ ಮುದುಕ, ಅಡಿಕೆ ಕತ್ತರಿಯ ಹಾಗೆ ಬಾಯಲ್ಲೇ ಕಾಯಿ ಒಡೆಯುವ ಸಿಪಾಯಿ, ಕೆಳಗೆ ಹಚ್ಚಿದ ಮೇಣದಬತ್ತಿಯ ಬಿಸಿಗಾಳಿಗೆ ತಾನೇ ತಿರುಗುವ ಪಿರಮಿಡ್. ಝೈಫೆನ್ ಅನ್ನುವ ಊರಿನಲ್ಲಿ ಇನ್ನೊಂದು ವಿದ್ಯೆ ಇದೆ. ಮರದ ದಪ್ಪ ಬಿಲ್ಲೆಯನ್ನು ಲೇತ್‌ಗೆ ಹಾಕಿ ಬಳೆಯ ಹಾಗೆ ಕಡೆಯುತ್ತಾರೆ. ನೋಡಿದರೆ ಏನೂ ತಿಳಿಯುವುದಿಲ್ಲ, ಗೀರು ಗೀರಾದ ಒಂದು ಮರದ ಬಳೆ ಅಷ್ಟೆ. ಅದನ್ನು ಹೋಳು ಹೋಳಾಗಿ ಸೀಳಿದಾಗ ಒಂದೊಂದು ಹೋಳೂ ಒಂದೊಂದು ಕುದುರೆ, ಒಂದೊಂದು ಹಸು. ಕಡೆಯುವವನಿಗೆ ಕೆಲಸ ಮಾಡುವಾಗ ಕುದುರೆ ಕಾಣುವುದೇ ಇಲ್ಲ. ಅವನ ಕೈಗೆ ಮಾತ್ರ ಗೊತ್ತು. ಮೊದಲ ಸಲ ನೋಡಿದಾಗ ನಾನು ಉಸಿರು ಬಿಗಿಹಿಡಿದು ನಿಂತಿದ್ದೆ.

ಇನ್ನು ನಕ್ಷತ್ರ. ಬಾಗಿಲು, ಬಾಲ್ಕನಿ, ಚರ್ಚು ಎಲ್ಲ ಕಡೆ ತೂಗುವ, ಮುಳ್ಳು ಮುಳ್ಳಾಗಿ ಎಲ್ಲ ದಿಕ್ಕಿಗೂ ಚಾಚಿದ ಕಾಗದದ ನಕ್ಷತ್ರ. ಮೊದಲ ಸಲ ಕಂಡಾಗ ನನಗೆ ಗೂಡುದೀಪ ನೆನಪಾಯಿತು. ಇದಕ್ಕೆ ಹೆರ್ನ್‌ಹೂಟ್ ನಕ್ಷತ್ರ ಅಂತ ಹೆಸರು. ಹೆರ್ನ್‌ಹೂಟ್ ಇದೇ ಸ್ಯಾಕ್ಸನಿಯ ಒಂದು ಸಣ್ಣ ಊರು, ಮೊರಾವಿಯನ್ ಅನ್ನುವ ಪ್ರಾಟೆಸ್ಟಂಟ್ ಕ್ರೈಸ್ತ ಪಂಥದವರ ನೆಲೆ. ಅವರು ಧರ್ಮಪ್ರಚಾರಕ್ಕೆ ಅಂತ ದೂರದೂರದ ದೇಶಗಳಿಗೆ ಹೋಗುತ್ತಿದ್ದರು. ಮಕ್ಕಳನ್ನು ಇಲ್ಲಿನ ವಸತಿ ಶಾಲೆಗಳಲ್ಲಿ ಬಿಟ್ಟು ಹೋಗುತ್ತಿದ್ದರು. ನೀಸ್ಕಿ ಅನ್ನುವ ಊರಿನ ಅಂಥ ಒಂದು ಶಾಲೆಯಲ್ಲಿ, 19ನೇ ಶತಮಾನದ ಮೊದಲ ಭಾಗದಲ್ಲಿ, ರೇಖಾಗಣಿತದ ಪಾಠಕ್ಕೆ ಅಂತ ಈ ನಕ್ಷತ್ರ ಹುಟ್ಟಿತು. 17 ಚೌಕ ಬುಡದ ಕೋನ, 8 ತ್ರಿಕೋನ ಬುಡದ ಕೋನ, ಒಟ್ಟು 25. ಆಮೇಲೆ ಪ್ರತಿ ವರ್ಷ ಮೊದಲ ಅಡ್ವೆಂಟ್ ಭಾನುವಾರ ಮಕ್ಕಳು ಕೂತು ತಮ್ಮ ನಕ್ಷತ್ರ ಕಟ್ಟುವುದು ವಾಡಿಕೆಯಾಯಿತು.

ಅಪ್ಪ ಅಮ್ಮ ಕಡಲಾಚೆ, ಮಕ್ಕಳು ಇಲ್ಲಿ ಕಾಗದ ಮಡಚುತ್ತಾ ಕೂತಿದ್ದಾರೆ. ಈ ಕತೆ ತಿಳಿದ ಮೇಲೆ ನಮ್ಮ ಮನೆಗೂ ಒಂದು ತಂದೆವು. ಬಿಡಿ ಬಿಡಿ ಕೋನಗಳು ಪೆಟ್ಟಿಗೆಯಲ್ಲಿ ಬರುತ್ತವೆ, ಪಿನ್ನಿನಿಂದ ಸೇರಿಸಬೇಕು. ಎರಡು ಗಂಟೆ ಹಿಡಿಯಿತು. ಮನೆಯಿಂದ ದೂರ ಇರುವವರು ಮಾಡಿದ್ದು ಇದು. ಹಾಗಾಗಿ ಇಲ್ಲಿನ ಎಲ್ಲ ಹಬ್ಬದ ವಸ್ತುಗಳಲ್ಲಿ ಇದರ ಮೇಲೆ ನನಗೂ ಹಕ್ಕಿದೆ ಅನ್ನಿಸುತ್ತದೆ.

ನಡುವಿನ ದಿನಗಳು

ಡಿಸೆಂಬರ್ 5ರ ರಾತ್ರಿ ಮಕ್ಕಳು ಬೂಟು ತೊಳೆದು ಬಾಗಿಲ ಹೊರಗೆ ಇಡುತ್ತಾರೆ. ಬೆಳಿಗ್ಗೆ ಅದರಲ್ಲಿ ಕಿತ್ತಳೆ, ಅಕ್ರೋಟು, ಚಾಕೊಲೇಟು. ಇದು ನಿಕೊಲಾಸ್‌ನ ಕೆಲಸ. ಅವನು ಈಗಿನ ಟರ್ಕಿಯಲ್ಲಿದ್ದ ಮೈರಾ ಪಟ್ಟಣದ ಬಿಷಪ್. ಕೆಂಪು ಬಟ್ಟೆಯ ಕ್ರಿಸ್‌ಮಸ್ ತಾತ ಬೇರೆ, ಇವನು ಬೇರೆ. ಮಕ್ಕಳ ಮುಂದೆ ಇಬ್ಬರನ್ನೂ ಬೆರೆಸಬೇಡಿ. 24ಕ್ಕೆ ಉಡುಗೊರೆ ತರುವವರು ಮತ್ತೆ ಬೇರೆ. ಸಂತರ ಪೂಜೆ ಬೇಡ ಅಂದ ಮಾರ್ಟಿನ್ ಲೂಥರ್ ಕಾಲದಲ್ಲಿ, ನಿಕೊಲಾಸ್ ಬದಲು ‘ಕ್ರಿಸ್ಟ್‌ಕಿಂಡ್’, ಅಂದರೆ ಬಾಲಕ್ರಿಸ್ತ, ಉಡುಗೊರೆ ತರುತ್ತಾನೆ ಅನ್ನುವುದು ಬಳಕೆಗೆ ಬಂತು. ಕಾಲ ಕಳೆದಂತೆ ಅದು ಕ್ಯಾಥೊಲಿಕರು ಹೆಚ್ಚಿರುವ ದಕ್ಷಿಣದಲ್ಲಿ ಉಳಿಯಿತು. ಉತ್ತರ ಮತ್ತು ಪೂರ್ವದಲ್ಲಿ, ಇಲ್ಲಿ ಡ್ರೆಸ್ಡೆನ್‌ನಲ್ಲೂ, ಬರುವವನು ‘ವೈನಾಖ್ಟ್ಸ್‌ಮಾನ್’, ಕ್ರಿಸ್‌ಮಸ್ ತಾತ. ಗೆಳೆಯರ ಮಕ್ಕಳಿಗೆ ಉಡುಗೊರೆ ಕೊಡುವ ಮುಂಚೆ ‘ನಿಮ್ಮ ಮನೆಗೆ ಯಾರು ಬರುತ್ತಾರೆ?’ ಅಂತ ಅಪ್ಪ ಅಮ್ಮನ ಹತ್ತಿರ ಮೆಲ್ಲಗೆ ಕೇಳಿಕೊಳ್ಳಿ.

ಆಫೀಸಿನಲ್ಲಿ ‘ವಿಶ್ಟೆಲ್ನ್’ ನಡೆಯುತ್ತದೆ, ಚೀಟಿ ಎತ್ತಿ ಗುಟ್ಟಾಗಿ ಉಡುಗೊರೆ ಕೊಡುವುದು. ಎಷ್ಟು ಯೂರೋ ಒಳಗೆ ಅಂತ ಮೊದಲೇ ಹೇಳಿರುತ್ತಾರೆ. ಅದನ್ನು ಮೀರಬೇಡಿ, ಜಾಸ್ತಿ ಖರ್ಚು ಮಾಡಿದರೆ ತೆಗೆದುಕೊಂಡವರಿಗೆ ಮುಜುಗರ. ಶನಿವಾರ, ಭಾನುವಾರ ಯಾರಾದರೂ ‘ಪ್ಲೆಟ್ಸ್‌ಶೆನ್’ ಮಾಡಲು ಬನ್ನಿ ಅಂತ ಕರೆದರೆ ಬೇರೆ ಕೆಲಸ ಬಿಟ್ಟು ಹೋಗಿ. ಅವು ಸಣ್ಣ ಬಿಸ್ಕತ್ತುಗಳು. ದಾಲ್ಚಿನ್ನಿ ನಕ್ಷತ್ರ, ವೆನಿಲ್ಲಾ ಅರ್ಧಚಂದ್ರ, ಬೆಣ್ಣೆ ಬಿಸ್ಕತ್ತು. ಮನೆಯೊಳಗೆ ಅಷ್ಟು ಸುಲಭವಾಗಿ ಕರೆಯದ ಜನ ಇವರು. ಆದರೆ ಹಿಟ್ಟಿನ ಮೇಜಿನ ಸುತ್ತ ಯಾರೂ ಹೊರಗಿನವರಲ್ಲ. ಭಾಷೆ ಅರ್ಧಂಬರ್ಧ ಬಂದರೂ ನಡೆಯುತ್ತದೆ, ಕೈಗೆ ಕೆಲಸ ಇರುತ್ತದಲ್ಲ. ನನ್ನ ಜರ್ಮನ್ ನಿಜವಾಗಿ ಚುರುಕಾಗಿದ್ದು ಅಂಥ ಒಂದು ಮೇಜಿನಲ್ಲೇ.

ಬಾಗಿಲು ಹಾಕಿಕೊಳ್ಳುವ ಸಂಜೆ

ಡಿಸೆಂಬರ್ 23ರ ಸಂಜೆ ಫ್ರೌವೆನ್‌ಕಿರ್ಶೆ ಚರ್ಚಿನ ಮುಂದೆ, ಬಯಲಲ್ಲಿ, ಪ್ರಾರ್ಥನೆ ನಡೆಯುತ್ತದೆ. ಯಾರು ಬೇಕಾದರೂ ಹೋಗಬಹುದು. 1945ರ ಫೆಬ್ರವರಿಯಲ್ಲಿ ಬಾಂಬ್ ದಾಳಿಯ ಬೆಂಕಿಗೆ ಆ ಚರ್ಚು ಕುಸಿದಿತ್ತು. ಮತ್ತೆ ಕಟ್ಟಿ ಬಾಗಿಲು ತೆಗೆದದ್ದು 2005ರ ಅಕ್ಟೋಬರ್ 30ರಂದು. ಆದರೆ ಈ ಪ್ರಾರ್ಥನೆ ಶುರುವಾದದ್ದು 1993ರಲ್ಲಿ. ಆಗ ಅಲ್ಲಿ ಇದ್ದದ್ದು ಕಲ್ಲಿನ ರಾಶಿ. ಜನ ಅದರ ಮುಂದೆ ನಿಂತು ಹಾಡಿದರು. ಇವತ್ತಿಗೂ ಸಾವಿರಾರು ಜನ ಚಳಿಯಲ್ಲಿ ನಿಂತೇ ಹಾಡುತ್ತಾರೆ. ನನಗೆ ಪದಗಳು ಬರುವುದಿಲ್ಲ. ಪಕ್ಕದಲ್ಲಿ ನಿಂತವರು ತಮ್ಮ ಕೈಯಲ್ಲಿದ್ದ ಹಾಳೆಯನ್ನು ನನ್ನ ಕಡೆಗೂ ಹಿಡಿದರು.

ಮಾರನೇ ದಿನ ಎಲ್ಲ ಬದಲಾಗುತ್ತದೆ. 24ರ ಮಧ್ಯಾಹ್ನ ಎರಡಕ್ಕೆ ಅಂಗಡಿ ಬಂದ್, ಸಂತೆ ಬಂದ್. 25, 26 ಎರಡೂ ರಜೆ, ರೈಲು ನಿಲ್ದಾಣದಂಥ ಕಡೆ ಬಿಟ್ಟರೆ ಅಂಗಡಿ ತೆಗೆಯುವುದಿಲ್ಲ. 27 ಭಾನುವಾರವಾದರೆ ಮೂರು ದಿನ. ಹಾಲು, ಬ್ರೆಡ್ಡು, ತರಕಾರಿ, ಮಗುವಿನ ಜ್ವರದ ಔಷಧಿ, ಎಲ್ಲ 23ಕ್ಕೇ ತಂದಿಟ್ಟುಕೊಳ್ಳಿ. ಮೊದಲ ವರ್ಷ ನಮಗೆ ಇದು ಗೊತ್ತಿರಲಿಲ್ಲ. ಹಾಲಿಗಾಗಿ ರೈಲು ನಿಲ್ದಾಣದವರೆಗೆ ಹೋಗಬೇಕಾಯಿತು.

ಜರ್ಮನಿಯಲ್ಲಿ ಮುಖ್ಯ ಹೊತ್ತು 24ರ ಸಂಜೆ, ‘ಹೈಲಿಗಾಬೆಂಡ್’. ಹಳೆಯ ಪದ್ಧತಿಯ ಮನೆಗಳಲ್ಲಿ ಕ್ರಿಸ್‌ಮಸ್ ಮರವನ್ನು ಸಿಂಗರಿಸುವುದೂ ಅಂದೇ. ಕೋಣೆಯ ಬಾಗಿಲು ಹಾಕಿ ದೊಡ್ಡವರು ಒಳಗೆ ಕೆಲಸ ಮಾಡುತ್ತಾರೆ, ಮಕ್ಕಳು ಹೊರಗೆ ಕಾಯುತ್ತಾರೆ. ಗಂಟೆ ಬಾರಿಸಿದ ಮೇಲೆ ಬಾಗಿಲು ತೆರೆಯುತ್ತದೆ. ಅಷ್ಟು ದಿನ ಎಣಿಸಿದ್ದೆಲ್ಲ ಆ ಒಂದು ಗಂಟೆಗಾಗಿ. ಊಟ ಮಾತ್ರ ತೀರಾ ಸರಳ. ಬಹಳ ಮನೆಗಳಲ್ಲಿ ಹಿಂದಿನ ದಿನವೇ ಮಾಡಿಟ್ಟ ಆಲೂಗಡ್ಡೆ ಸಲಾಡು, ಜೊತೆಗೆ ಸಾಸೇಜು. 24 ಒಂದು ಕಾಲಕ್ಕೆ ಉಪವಾಸದ ಕೊನೆಯ ದಿನ, ಮೇಲಾಗಿ ಕೆಲಸದ ದಿನ. ದೊಡ್ಡ ಊಟ, ಬಾತುಕೋಳಿ, ಕೆಂಪು ಎಲೆಕೋಸು ಎಲ್ಲ ಮರುದಿನಕ್ಕೆ.

ಅಂದು ಸಂಜೆ ಆರಕ್ಕೆ ಹೊರಗೆ ಬಂದರೆ ಊರು ನಿಶ್ಶಬ್ದ. ಟ್ರಾಮ್ ಖಾಲಿ ಓಡುತ್ತಿರುತ್ತದೆ. ಕರೆಯಲಿಲ್ಲ ಅಂತ ಬೇಜಾರಾಗುವುದು ಸಹಜ. ನನಗೂ ಆಗಿತ್ತು. ಅದು ಅಸಡ್ಡೆ ಅಲ್ಲ. ಅವರ ಪಾಲಿಗೆ ಅದು ಒಡಹುಟ್ಟಿದವರ, ಅಪ್ಪ ಅಮ್ಮನ ಸಂಜೆ. ವರ್ಷಕ್ಕೆ ಒಮ್ಮೆ ಸೇರುವವರ ಸಂಜೆ. ನಮ್ಮ ಪಾಲು ಆಗಲೇ ಬಂದಿತ್ತು. ನಾಲ್ಕು ಭಾನುವಾರ, ಒಂದು ಬಿಸ್ಕತ್ತಿನ ಡಬ್ಬಿ, ನೀರಿನಲ್ಲಿ ನಿಂತ ಚೆರ್ರಿ ಕೊಂಬೆ. ಎರಡನೇ ವರ್ಷದಿಂದ ನಾವೂ ಆ ಸಂಜೆ ಬಾಗಿಲು ಹಾಕಿಕೊಂಡು ಮೂರೇ ಜನ ಕೂತು ಊಟ ಮಾಡಿ ಊರಿಗೆ ಫೋನ್ ಮಾಡುತ್ತೇವೆ.

ಮರ ಜನವರಿ 6ರವರೆಗೆ ನಿಲ್ಲುತ್ತದೆ. ಗಣಿ ಬೆಟ್ಟಗಳ ಕಡೆಯವರು ಇನ್ನೂ ಮುಂದೆ ಹೋಗುತ್ತಾರೆ, ಫೆಬ್ರವರಿ 2ರ ‘ಲಿಶ್ಟ್‌ಮೆಸ್’ ಹಬ್ಬದವರೆಗೆ ಕಿಟಕಿಯ ದೀಪ ತೆಗೆಯುವುದಿಲ್ಲ. ಅಜ್ಜಿಯೂ ಆ ಕಡೆಯವರೇ. ಕಳೆದ ಸಲ ಆ ದಿನ ಅವರ ಶ್ವಿಬ್‌ಬೋಗೆನ್ ಇಳಿಸಿಕೊಡಲು ಹೋಗಿದ್ದೆ. ಗೊಂಬೆಗಳನ್ನು ಒಂದೊಂದಾಗಿ ಹಳೆಯ ಪೇಪರಿನಲ್ಲಿ ಸುತ್ತಿ ಪೆಟ್ಟಿಗೆಗೆ ಇಟ್ಟೆವು. ಕೊನೆಯ ತುಂಡು ಶ್ಟೊಲೆನ್ ಕೊಯ್ದು ಕೊಟ್ಟರು. ಕೆಲಸ ಮುಗಿಯುವಾಗ ನಾಲ್ಕೂವರೆ ದಾಟಿತ್ತು. ಅಜ್ಜಿ ದೀಪದ ಸ್ವಿಚ್ಚಿಗೆ ಕೈ ಚಾಚಿ, ಕಿಟಕಿಯ ಹೊರಗೆ ನೋಡಿ, ಹಾಕದೆ ಕೈ ಹಿಂದಕ್ಕೆ ತೆಗೆದರು. ಹೊರಗೆ ಇನ್ನೂ ಬೆಳಕಿತ್ತು.